ನಿಮ್ಮ ಊರಿನ ಇಗರ್ಜಿಗೆ ಎಷ್ಟು ವಯಸ್ಸು? ಕರಾವಳಿಯ ಕೆಥೋಲಿಕ್ ಧರ್ಮಕೇಂದ್ರಗಳೂ ಅವುಗಳ ಮೊದಲ ಮನೆಗಳೂ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಒಂದಲ್ಲ ಒಂದು ಇಗರ್ಜಿ ಜುಬಿಲಿಯ ಗಡಿಬಿಡಿಯಲ್ಲಿರುತ್ತದೆ. ನೂರನೆಯದೋ ನೂರೈವತ್ತನೆಯದೋ ವರ್ಷ. ಶಾಮಿಯಾನ, ಬ್ಯಾಂಡ್, ಊಟದ ಲೆಕ್ಕದ ಜತೆಗೆ ಸ್ಮರಣ ಸಂಚಿಕೆಗೂ ಒಂದು ಸಮಿತಿ ಆಗುತ್ತದೆ. ಸಮಿತಿಯವರು ಕೂತ ಮೊದಲ ದಿನವೇ ಎರಡು ಪ್ರಶ್ನೆ ಏಳುತ್ತವೆ. ನಮ್ಮ ಇಗರ್ಜಿ ನಿಜಕ್ಕೂ ಆದದ್ದು ಯಾವಾಗ? ಇಲ್ಲಿಗೆ ಮೊದಲು ಬಂದ ಮನೆತನಗಳು ಯಾವುವು? ಎರಡನೆಯ ಪ್ರಶ್ನೆಗೆ ನಾಲ್ಕು ಮನೆಯವರು ಒಟ್ಟಿಗೆ ಕೈ ಎತ್ತುತ್ತಾರೆ. ಅತ್ತ ದುಬೈಯಿಂದ, ಮುಂಬೈಯಿಂದ ಮೊಮ್ಮಕ್ಕಳು ವಾಟ್ಸ್ಆಪ್‌ನಲ್ಲಿ ವಂಶವೃಕ್ಷ ಕೇಳುತ್ತಿರುತ್ತಾರೆ.

ಉತ್ತರ ಸುಲಭವಾಗಿ ಸಿಗದಿರಲು ಕಾರಣವಿದೆ. ಹಳ್ಳಿಯ ಇಗರ್ಜಿಯ ವಯಸ್ಸು, ಅದರ ಕಪಾಟಿನಲ್ಲಿರುವ ಪುಸ್ತಕಗಳ ವಯಸ್ಸು, ಅದಕ್ಕೆ ಸೇರಿದ ಕುಟುಂಬಗಳು ಆ ಮಣ್ಣಿಗೆ ಬಂದ ಕಾಲ, ಈ ಮೂರೂ ಒಂದೇ ಆಗಿರುವುದು ಅಪರೂಪ. ಮೂರನ್ನೂ ಬೇರೆಬೇರೆ ಮಾಡಿ ನೋಡಿದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ. ಈ ಲೇಖನದಲ್ಲಿ ಮಾಡಹೊರಟಿರುವುದು ಅಷ್ಟನ್ನೇ.

ಧರ್ಮಕೇಂದ್ರ ಎಂದರೇನು?

ರಸ್ತೆಯಿಂದ ನೋಡುವವರಿಗೆ ಕಾಣುವುದು ಗೋಪುರ, ಗಂಟೆ, ಶಿಲುಬೆ. ಕೆಥೋಲಿಕರ ಲೆಕ್ಕದಲ್ಲಿ ಆ ಕಟ್ಟಡದ ಹೆಸರು ಇಗರ್ಜಿ ಅಥವಾ ಚರ್ಚ್. ಅದರ ಸುತ್ತಲಿನ ನಿರ್ದಿಷ್ಟ ಗಡಿಯೊಳಗಿನ ಎಲ್ಲ ಕೆಥೋಲಿಕ್ ಮನೆಗಳನ್ನು ಸೇರಿಸಿದರೆ ಅದು ಧರ್ಮಕೇಂದ್ರ. ಮನೆಮಾತಿನ ಕೊಂಕಣಿಯಲ್ಲಿ ಫಿರ್ಗಜ್. 1983ರ ಚರ್ಚ್ ಕಾನೂನು ಕೂಡ ಧರ್ಮಕೇಂದ್ರವನ್ನು ವಿವರಿಸುವುದು ಜನರ ಸಮುದಾಯವಾಗಿಯೇ. ಧರ್ಮಾಧ್ಯಕ್ಷರು, ಅಂದರೆ ಬಿಷಪರು, ಆ ಸಮುದಾಯವನ್ನು ಸ್ಥಾಪಿಸಿ ಒಬ್ಬ ಧರ್ಮಗುರುವಿನ ಪಾಲನೆಗೆ ಒಪ್ಪಿಸುತ್ತಾರೆ. ಆ ಧರ್ಮಗುರುವೇ ಊರವರ ಬಾಯಲ್ಲಿ ವಿಗಾರ್. ಹಲವು ಧರ್ಮಕೇಂದ್ರಗಳು ಸೇರಿ ಒಂದು ವಲಯ, ವಲಯಗಳೆಲ್ಲ ಸೇರಿ ಒಂದು ಧರ್ಮಪ್ರಾಂತ್ಯ.

ಒಳಗಡೆಗೆ ಬಂದರೆ ಧರ್ಮಕೇಂದ್ರವನ್ನು ವಾಡೊಗಳಾಗಿ ಹಂಚಿರುತ್ತಾರೆ. ಪ್ರತಿ ವಾಡೊಗೆ ಒಬ್ಬ ಗುರ್ಕಾರ. ಯಾರ ಮನೆಯಲ್ಲಿ ಸಾವಾಯಿತು, ಯಾರ ಮಗಳಿಗೆ ಸಂಬಂಧ ಕೂಡಿ ಬಂತು, ಯಾವ ಮನೆಗೆ ಕಷ್ಟ, ಇದೆಲ್ಲ ವಿಗಾರರಿಗೆ ಮುಟ್ಟುತ್ತಿದ್ದುದು ಅವನ ಮೂಲಕ. ಹಳೆಯ ಗುರ್ಕಾರರ ಪಟ್ಟಿ ಎಲ್ಲಾದರೂ ಉಳಿದಿದ್ದರೆ ಅದನ್ನು ಜೋಪಾನ ಮಾಡಬೇಕು. ಊರಿನಲ್ಲಿ ಯಾವ ಮನೆಗೆ ಎಂದಿನಿಂದ ತೂಕವಿತ್ತು ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಇಗರ್ಜಿ ಇರುವಲ್ಲೆಲ್ಲ ಧರ್ಮಕೇಂದ್ರ ಇರಲೇಬೇಕು ಎಂದಿಲ್ಲ. ದೂರದ ವಾಡೊದವರಿಗಾಗಿ ಕಟ್ಟಿದ ಚಿಕ್ಕ ಪ್ರಾರ್ಥನಾಲಯ, ಅಂದರೆ ಕೊಪೆಲ್, ಎಷ್ಟೋ ವರ್ಷ ದೊಡ್ಡ ಇಗರ್ಜಿಯ ಕೈಕೆಳಗೇ ಇದ್ದು ಆಮೇಲೆ ಸ್ವತಂತ್ರ ಧರ್ಮಕೇಂದ್ರವಾಗುವುದುಂಟು. ಹಾಗಾಗಿ ಜುಬಿಲಿಯ ಇಸವಿ ಕೊಪೆಲ್ ಕಟ್ಟಿದ್ದೋ, ಧರ್ಮಕೇಂದ್ರವೆಂದು ಘೋಷಿಸಿದ್ದೋ, ಈಗಿನ ಕಟ್ಟಡ ಎದ್ದದ್ದೋ ಎಂಬುದನ್ನು ಸಮಿತಿಯವರು ಮೊದಲು ಗೊತ್ತುಮಾಡಿಕೊಳ್ಳಬೇಕು. ಮೂರರಲ್ಲಿ ಯಾವುದನ್ನು ಹಿಡಿದರೂ ತಪ್ಪಿಲ್ಲ. ಯಾವುದನ್ನು ಹಿಡಿದದ್ದು ಎಂದು ಅಚ್ಚಿನಲ್ಲಿ ಹೇಳದಿದ್ದರೆ ಮಾತ್ರ ಮುಂದಿನ ತಲೆಮಾರು ಎಡವುತ್ತದೆ.

ಗೋವಾದ ಊರು ಬಿಟ್ಟು ಬಂದದ್ದು ಯಾಕೆ?

ಕರಾವಳಿಯ ಕೊಂಕಣಿ ಕೆಥೋಲಿಕರ ಬೇರು ಗೋವಾದಲ್ಲಿದೆ. ಪೋರ್ಚುಗೀಸರು ಗೋವಾವನ್ನು ಹಿಡಿದದ್ದು 1510ರಲ್ಲಿ. ಅಲ್ಲಿನ ಬಾರ್ದೇಸ್, ಸಾಲ್ಸೇಟ್, ತಿಸ್ವಾಡಿ ಪ್ರದೇಶಗಳಲ್ಲಿ ಹದಿನಾರನೆಯ ಶತಮಾನದ ನಡುವಿನಿಂದ ಮತಾಂತರ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಶನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಬಂತು. ಹೊಸದಾಗಿ ಕ್ರೈಸ್ತರಾದವರು ಹಳೆಯ ಆಚಾರ ಬಿಟ್ಟಿದ್ದಾರೋ ಇಲ್ಲವೋ ಎಂದು ಅದು ಕಣ್ಣಿಟ್ಟು ನೋಡುತ್ತಿತ್ತು. ಅದರ ಭಯ, ಬರ, ತೆರಿಗೆಯ ಭಾರ, ಆದಿಲ್‌ಶಾಹಿಗಳ ಮತ್ತು ಆಮೇಲೆ ಮರಾಠರ ದಾಳಿ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಜನ ದಕ್ಷಿಣಕ್ಕೆ ಹೊರಟರು. 1683ರಲ್ಲಿ ಸಂಭಾಜಿಯ ಸೈನ್ಯ ಗೋವಾದ ಮೇಲೆ ಬಿದ್ದಿತು, 1730ರ ದಶಕದ ಕೊನೆಗೆ ಮರಾಠರು ಮತ್ತೊಮ್ಮೆ ನುಗ್ಗಿದರು. ಆಗೆಲ್ಲ ಊರು ಬಿಟ್ಟವರ ಸಂಖ್ಯೆ ಹೆಚ್ಚಿತು.

‘ನಮ್ಮ ಹಿರಿಯರು ಗೋವಾದಿಂದ ಬಂದದ್ದು ಯಾವಾಗ’ ಎಂಬುದಕ್ಕೆ ಎಲ್ಲರಿಗೂ ಹೊಂದುವ ಒಂದೇ ಇಸವಿ ಇಲ್ಲದಿರುವುದು ಇದರಿಂದಲೇ. ಸುಮಾರು ಇನ್ನೂರು ವರ್ಷ, ಕಂತುಕಂತಾಗಿ ಜನ ಬರುತ್ತಲೇ ಇದ್ದರು. ಒಂದೇ ವಾಡೊದ ಎರಡು ಮನೆಗಳ ನಡುವೆ ನೂರೈವತ್ತು ವರ್ಷದ ಅಂತರವಿದ್ದರೂ ಆಶ್ಚರ್ಯವಿಲ್ಲ.

ಬಂದವರಿಗೆ ಇಲ್ಲಿ ನೆಲೆ ಹೇಗೆ ಸಿಕ್ಕಿತು? ಕರಾವಳಿ ಆಗ ಕೆಳದಿಯ ನಾಯಕರ ಆಳ್ವಿಕೆಯಲ್ಲಿತ್ತು. ಶಿವಪ್ಪ ನಾಯಕ ಪೋರ್ಚುಗೀಸರನ್ನು ಇಲ್ಲಿನ ಕೋಟೆಗಳಿಂದ ಓಡಿಸಿದವನು. ಆದರೆ ಗದ್ದೆ ಮಾಡಬಲ್ಲ, ಕಾಡು ಕಡಿದು ತೋಟ ಎಬ್ಬಿಸಬಲ್ಲ ಒಕ್ಕಲು ಬಂದರೆ ಯಾವ ಅರಸ ಬೇಡವೆನ್ನುತ್ತಾನೆ? ಭೂಮಿಗೆ ಕೈ ಬೇಕಿತ್ತು, ಖಜಾನೆಗೆ ಕಂದಾಯ ಬೇಕಿತ್ತು. 1678ರಲ್ಲಿ ಕೆಳದಿಯ ಚೆನ್ನಮ್ಮ ಪೋರ್ಚುಗೀಸರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ್, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಉಡುಪಿಯ ಬಳಿಯ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ತನ್ನ ಆರಂಭವನ್ನು ಎಣಿಸುವುದು ಆ ವರ್ಷದಿಂದಲೇ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರದ್ದು. ಅದನ್ನು ಸ್ಥಾಪಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರ ಸಮಾಧಿಯೂ ಅಲ್ಲಿದೆ.

ಅದೇ ಹೊತ್ತಿನಲ್ಲಿ, 1681ರಿಂದ 1684ರವರೆಗೆ, ಗೋವಾದ ತರುಣ ಧರ್ಮಗುರು ಜೋಸೆಫ್ ವಾಜ್ ಈ ಊರುಗಳಲ್ಲಿ ಕಾಲ್ನಡಿಗೆಯಲ್ಲಿ ಓಡಾಡಿ ಚದುರಿದ್ದ ಮನೆಗಳನ್ನು ಒಟ್ಟುಗೂಡಿಸಿದರು. ಮುಂದೆ ಅವರು ಶ್ರೀಲಂಕಾಕ್ಕೆ ಹೋದರು. 2015ರಲ್ಲಿ ಕೊಲಂಬೊದಲ್ಲಿ ಅವರಿಗೆ ಸಂತ ಪದವಿ ಘೋಷಣೆಯಾಯಿತು. ಮಂಗಳೂರಿನ ಆಚೆ ಮುಡಿಪುವಿನ ಗುಡ್ಡದ ಮೇಲಿರುವ ಪುಣ್ಯಕ್ಷೇತ್ರ ಅವರ ನೆನಪಿನದ್ದೇ.

ಮೊದಲು ಬಂದರುಗಳು, ಆಮೇಲೆ ಹೊಳೆದಂಡೆಯ ಊರುಗಳು, ಆಮೇಲೆ ಒಳನಾಡು, ಇದು ಇಗರ್ಜಿಗಳು ಹರಡಿದ ದಾರಿ. ಬಂಟ್ವಾಳದ ಅಗ್ರಾರ್ 1702ರದ್ದು. ಕಾರ್ಕಳದ ಅತ್ತೂರು 1759ರದ್ದು. ಜನವರಿಯ ಸಾಂತ್‌ಮಾರಿಗೆ, ಅಂದರೆ ವಾರ್ಷಿಕ ಹಬ್ಬಕ್ಕೆ, ಎಲ್ಲ ಮತದವರೂ ಮೇಣದಬತ್ತಿ ಹಿಡಿದು ಹೋಗುವ, 2016ರಲ್ಲಿ ಬಸಿಲಿಕಾ ಎಂಬ ವಿಶೇಷ ಗೌರವ ಪಡೆದ ಸಂತ ಲಾರೆನ್ಸರ ಇಗರ್ಜಿ ಅದು.

ಡಿಸೋಜ, ಪಿಂಟೊ, ಲೋಬೊ: ಹೆಸರು ಒಂದಾದರೆ ರಕ್ತ ಒಂದೇ?

ವಂಶವೃಕ್ಷ ಬರೆಯುವವರು ಹೆಚ್ಚು ಜಾರಿಬೀಳುವುದು ಇಲ್ಲಿ. ಒಂದು ಊರಿನಲ್ಲಿ ಹದಿನೆಂಟು ಡಿಸೋಜ ಮನೆಗಳಿದ್ದರೆ ಅವೆಲ್ಲ ಒಬ್ಬನೇ ಮುತ್ತಜ್ಜನ ಸಂತಾನ ಎಂದು ತಿಳಿಯುವುದು ಸಹಜ. ಹಾಗಿರಬೇಕೆಂದಿಲ್ಲ.

ಗೋವಾದಲ್ಲಿ ಮತಾಂತರದ ಹೊತ್ತಿಗೆ ಹೊಸ ಕುಲನಾಮ ಬರುತ್ತಿದ್ದುದು ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಕೊಟ್ಟ ಪಾದ್ರಿಯಿಂದ, ಇಲ್ಲವೇ ಆಗ ಜ್ಞಾನ ತಂದೆಯಾಗಿ, ಅಂದರೆ ಗಾಡ್‌ಫಾದರ್ ಆಗಿ, ನಿಂತ ಪೋರ್ಚುಗೀಸನಿಂದ. ಒಂದೇ ದಿನ ದೀಕ್ಷೆ ಪಡೆದ, ಪರಸ್ಪರ ಸಂಬಂಧವೇ ಇಲ್ಲದ ಕುಟುಂಬಗಳಿಗೆ ಒಂದೇ ಹೆಸರು ಬಿದ್ದಿರಬಹುದು. ಬೇರೆಬೇರೆ ಹೊತ್ತಿನಲ್ಲಿ ದೀಕ್ಷೆ ಪಡೆದ ಅಣ್ಣತಮ್ಮಂದಿರಿಗೆ ಬೇರೆಬೇರೆ ಹೆಸರು ಬಂದಿರಲಿಕ್ಕೂ ಸಾಕು. ಹಾಗಾಗಿ ಕುಲನಾಮ ಕುಟುಂಬದ ಗುರುತಾಗಿ ದುರ್ಬಲ.

ಅದಕ್ಕಿಂತ ಗಟ್ಟಿಯಾದ ಗುರುತು ಎರಡು. ಒಂದು, ಹಿರಿಯರ ಬಾಯಲ್ಲಿ ಉಳಿದ ಮತಾಂತರದ ಹಿಂದಿನ ಹೆಸರು. ‘ನಾವು ಪೊರ್ಬುಗಳು’, ಅಂದರೆ ಪ್ರಭುಗಳು, ಎನ್ನುವವರಿದ್ದಾರೆ. ಕಾಮತ್, ಪೈ, ಶೆಣೈ, ನಾಯಕ್ ಎಂದು ನೆನಪಿಟ್ಟುಕೊಂಡ ಮನೆಗಳಿವೆ. ಎರಡನೆಯದು ಮನೆಯ ಹೆಸರು. ಜಾಗದ ಹೆಸರೇ ಮನೆಗೆ ಅಂಟಿಕೊಳ್ಳುವುದು ತುಳುನಾಡಿನ ರೂಢಿ. ಪಡ್ಪು, ಬೈಲು, ಕೋಡಿ, ಪಾದೆ ಎಂದು ಮುಗಿಯುವ ಹೆಸರುಗಳು. ‘ಬೈಲುಮನೆಯ ಡಿಸೋಜ’ ಮತ್ತು ‘ಪಾದೆಯ ಡಿಸೋಜ’ ಬೇರೆ ಎಂಬುದು ಊರಿನ ಅಂಚೆಯವನಿಗೂ ಗೊತ್ತು, ದುಬೈಯಲ್ಲಿ ಕೂತ ಮೊಮ್ಮಗನಿಗೆ ಗೊತ್ತಿಲ್ಲ.

1784: ಎಳೆ ತುಂಡಾದ ವರ್ಷ

ಕರಾವಳಿಯ ಯಾವ ಧರ್ಮಕೇಂದ್ರದ ಚರಿತ್ರೆ ಬರೆದರೂ ಈ ವರ್ಷವನ್ನು ದಾಟಿಯೇ ಹೋಗಬೇಕು. 1763ರಲ್ಲಿ ಹೈದರ್ ಅಲಿ ಕೆಳದಿಯನ್ನು ಗೆದ್ದ ಮೇಲೆ ಕರಾವಳಿ ಮೈಸೂರಿಗೆ ಸೇರಿತು. 1780ರಿಂದ 84ರವರೆಗೆ ಮೈಸೂರಿಗೂ ಇಂಗ್ಲಿಷರಿಗೂ ಯುದ್ಧ. ಇಲ್ಲಿನ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರು ಎಂಬುದು ಟಿಪ್ಪುವಿನ ಆರೋಪ. 1784ರ ಫೆಬ್ರವರಿಯಲ್ಲಿ, ಉಪವಾಸದ ಕಾಲ ಆರಂಭವಾಗುವ ಬೂದಿ ಬುಧವಾರದ ಹೊತ್ತಿಗೆ ಅವರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಧರ್ಮಗುರುಗಳನ್ನು ಸೀಮೆಯಿಂದ ಹೊರಗಟ್ಟಲಾಯಿತು.

ಎಷ್ಟು ಜನ? ಅರವತ್ತು ಸಾವಿರ ಎಂಬುದು ಹೆಚ್ಚು ಬಳಕೆಯಲ್ಲಿರುವ ಲೆಕ್ಕ. ಬೇರೆಬೇರೆ ಬರಹಗಳಲ್ಲಿ ಅದು ಮೂವತ್ತರಿಂದ ಎಂಬತ್ತು ಸಾವಿರದವರೆಗೆ ಓಲಾಡುತ್ತದೆ. 1801ರಲ್ಲಿ ಕರಾವಳಿಯನ್ನು ಹಾದುಹೋದ ಫ್ರಾನ್ಸಿಸ್ ಬ್ಯುಕನನ್, ಕೆಳದಿ ಅರಸರ ಕಾಲದಲ್ಲಿ ತುಳುನಾಡಿನಲ್ಲಿ ನೆಲೆಸಿದ್ದ ಕ್ರೈಸ್ತರು ಎಂಬತ್ತು ಸಾವಿರ ಎಂದೂ ಇಗರ್ಜಿಗಳು 27 ಎಂದೂ ಬರೆದುಕೊಂಡ. ಸಂಚಿಕೆ ಬರೆಯುವವರು ಇವುಗಳಲ್ಲಿ ಒಂದನ್ನು ಆರಿಸಿ ಖಚಿತವೆಂಬಂತೆ ಅಚ್ಚು ಹಾಕುವ ಬದಲು, ಇವು ಅಂದಾಜುಗಳು ಎಂದು ಹೇಳಿಬಿಟ್ಟರೆ ಸಾಕು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ 27. ಮೂಡಬಿದಿರೆಯ ಹೊಸ್ಪೇಟೆಯ ಇಗರ್ಜಿಯನ್ನು ಚೌಟ ಅರಸ ಉಳಿಸಿಕೊಟ್ಟ. ಉಳಿದವು ನೆಲಸಮವಾದವು ಎಂಬುದು ಪರಂಪರೆಯಿಂದ ಬಂದ ಹೇಳಿಕೆ. ಇಗರ್ಜಿಯೊಂದಿಗೆ ಅದರ ಪುಸ್ತಕಗಳೂ ಬಹುಪಾಲು ಹೋದವು. ಯಾವ ಮಗುವಿಗೆ ಎಂದು ದೀಕ್ಷಾಸ್ನಾನ, ಯಾರ ಮದುವೆ ಯಾರೊಂದಿಗೆ, ಯಾರನ್ನು ಎಂದು ಹೂಳಿದ್ದು ಎಂಬ ನೂರು ವರ್ಷದ ಲೆಕ್ಕ ಅಲ್ಲಿಗೆ ಕಡಿಯಿತು. 1702ರದ್ದೋ 1759ರದ್ದೋ ಆದ ಇಗರ್ಜಿಯಲ್ಲಿ 1800ಕ್ಕಿಂತ ಹಿಂದಿನ ಪುಟ ಕಾಣಸಿಗದಿದ್ದರೆ ಕಾರಣ ಇದೇ.

ಮರಳಿ ಬಂದವರು ಎಲ್ಲಿಗೆ ಬಂದರು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಹದಿನೈದು ವರ್ಷದ ಸೆರೆ ಮುಗಿಯಿತು. ಅಷ್ಟರಲ್ಲಿ ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಸಾವಿರಾರು. ಬದುಕಿ ಉಳಿದವರಲ್ಲಿ ಹದಿನೈದು-ಇಪ್ಪತ್ತು ಸಾವಿರ ಜನ ಕರಾವಳಿಗೆ ಮರಳಿದರು ಎಂಬ ಅಂದಾಜಿದೆ.

ಎಲ್ಲರೂ ಇಳಿದು ಬರಲಿಲ್ಲ. ಸೆರೆಯಿಂದ ತಪ್ಪಿಸಿಕೊಂಡ ಕೆಲವರು ಅದಕ್ಕೂ ಮೊದಲೇ ಕೊಡಗು ಸೇರಿದ್ದರು. ಅಲ್ಲಿನ ಅರಸ ವೀರರಾಜೇಂದ್ರ ಅವರಿಗೆ ಜಾಗ ಕೊಟ್ಟ; ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ 1792ರಲ್ಲಿ ಹುಟ್ಟಿದ್ದು ಹಾಗೆ. ಕರಾವಳಿಯ ಮನೆತನವೊಂದರ ಕೊಂಬೆ ವಿರಾಜಪೇಟೆಯಲ್ಲಿ ಸಿಕ್ಕರೆ ಅದು ಕಾಫಿ ತೋಟದ ಕಾಲಕ್ಕಿಂತಲೂ ಹಳೆಯ ನಂಟಾಗಿರಬಹುದು.

ಮರಳಿ ಬಂದವರು ತಮ್ಮ ಹಳೆಯ ಊರಿಗೇ ಹೋದರೇ? ಕೆಲವರು ಹೋದರು. ಬಿಟ್ಟುಹೋದ ಭೂಮಿಯಲ್ಲಿ ಅಷ್ಟು ಹೊತ್ತಿಗೆ ಬೇರೆಯವರು ಸಾಗುವಳಿ ಮಾಡುತ್ತಿದ್ದರು. ಕೆನರಾ ಜಿಲ್ಲೆಯ ಮೊದಲ ಕಲೆಕ್ಟರಾಗಿ ಥಾಮಸ್ ಮನ್ರೊ ಬಂದದ್ದು ಅದೇ 1799ರಲ್ಲಿ. ಕಂಪನಿ ಸರಕಾರದ ಆ ಮೊದಲ ವರ್ಷಗಳಲ್ಲಿ ಕೆಲವರಿಗೆ ಜಮೀನು ವಾಪಸು ದಕ್ಕಿತು. ದಕ್ಕದವರು ಎಲ್ಲಿ ಗೇಣಿಗೆ ಗದ್ದೆ ಸಿಕ್ಕಿತೋ ಅಲ್ಲಿ ನಿಂತರು. ಅರ್ಧ ಕುಟುಂಬ ಕಳೆದುಕೊಂಡವರು ಬದುಕಿದ್ದ ನೆಂಟರ ಬಳಿ ಮನೆ ಹೂಡಿದರು. ಅಪ್ಪ ಅಮ್ಮ ಇಬ್ಬರೂ ಸತ್ತ ಮಕ್ಕಳನ್ನು ಬೇರೆ ಮನೆಯವರು ಸಾಕಿರಬಹುದು. ಆ ಮಕ್ಕಳ ವಂಶವೃಕ್ಷ ಸಾಕಿದ ಮನೆಯಿಂದ ಹಿಂದಕ್ಕೆ ಹೋಗಲಾರದು.

ಸ್ಮರಣ ಸಂಚಿಕೆಗಳಲ್ಲಿ ‘ಮೂಲ ಮನೆತನ’ ಎಂದು ಅಚ್ಚಾಗುವುದು ಹೆಚ್ಚಿನ ಕಡೆ 1799ರ ನಂತರ ಆ ಊರಲ್ಲಿ ಗುಡಿಸಲು ಹಾಕಿದ ಮೊದಲ ತಲೆಮಾರು. ಅದರ ಹಿಂದೆ ಅದೇ ಊರಿನಲ್ಲಿ, ಅದೇ ಇಗರ್ಜಿಯ ಹೆಸರಿನಡಿ, ಇನ್ನೊಂದು ಸಮುದಾಯ ಬಾಳಿತ್ತು. ಅವರಲ್ಲಿ ಎಷ್ಟು ಮನೆಯವರು ಮರಳಿ ಅಲ್ಲಿಗೇ ಬಂದರು ಎಂಬುದು ಊರಿಂದ ಊರಿಗೆ ಬೇರೆ.

ಘಟ್ಟದ ಮೇಲಿನ ಹಳೆ ಮೈಸೂರು ಸೀಮೆಯ ಕೆಥೋಲಿಕ್ ಹಳ್ಳಿಗಳ ಕಥೆ ಪೂರ್ತಿ ಬೇರೆಯದೆಂದು ಇಲ್ಲಿ ಹೇಳಿಬಿಡಬೇಕು. 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿಯಿಂದ ಆರಂಭವಾಗುವ ಆ ಕಥೆಯಲ್ಲಿ ಕನ್ನಡ, ತಮಿಳು, ತೆಲುಗು ಮಾತಾಡುವ ರೈತರಿದ್ದಾರೆ. ಗೋವಾ ಬರುವುದು ಕಡಿಮೆ. ಅದಕ್ಕೆ ಇನ್ನೊಂದು ಲೇಖನವೇ ಬೇಕು.

ಇಗರ್ಜಿಯ ಪುಸ್ತಕದಲ್ಲಿ ಏನೇನಿರುತ್ತದೆ?

ಮದುವೆ, ದೀಕ್ಷಾಸ್ನಾನಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಇಡೀ ಕೆಥೋಲಿಕ್ ಸಭೆಗೆ ಕಟ್ಟಳೆಯಾದದ್ದು 1563ರಲ್ಲಿ, ಟ್ರೆಂಟ್ ನಗರದಲ್ಲಿ ನಡೆದ ಮಹಾಸಭೆಯಿಂದ. ಮುಚ್ಚಿದ ಬಾಗಿಲ ಹಿಂದೆ ಗುಟ್ಟಾಗಿ ನಡೆದ ಮದುವೆಗಳಿಂದ ಏಳುತ್ತಿದ್ದ ಜಗಳ ತಪ್ಪಿಸುವುದು ಆಗಿನ ಉದ್ದೇಶ. 1614ರ ಹೊತ್ತಿಗೆ ಸಾವಿನ ಲೆಕ್ಕವೂ ಮನೆಮನೆಯ ಜನರ ಪಟ್ಟಿಯೂ ಅದಕ್ಕೆ ಸೇರಿದವು. ಈಗಿನ ಚರ್ಚ್ ಕಾನೂನು ಕೂಡ ಪ್ರತಿ ಧರ್ಮಕೇಂದ್ರದಲ್ಲಿ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳಿರಲೇಬೇಕು ಎನ್ನುತ್ತದೆ. ಸರಕಾರಿ ಜನನ ನೋಂದಣಿ ಹಳ್ಳಿಗಳಲ್ಲಿ ಸರಿಯಾಗಿ ನಡೆಯದಿದ್ದ ಕಾಲಕ್ಕೆ ಎಷ್ಟೋ ಜನರ ಹುಟ್ಟಿಗೆ ಇರುವ ಒಂದೇ ಸಾಕ್ಷಿ ಈ ದಪ್ಪ ಪುಸ್ತಕ.

ಹಳೆಯ ಪುಟಗಳು ಲ್ಯಾಟಿನ್‌ನಲ್ಲೋ ಪೋರ್ಚುಗೀಸಿನಲ್ಲೋ ಇರುತ್ತವೆ. ಭಾಷೆ ಬಾರದವರೂ ಹೆದರಬೇಕಿಲ್ಲ, ಒಕ್ಕಣೆ ಪ್ರತಿ ಸಲ ಒಂದೇ. ತೇದಿ, ಮಗುವಿನ ಹೆಸರು, ತಂದೆ, ತಾಯಿ, ವಾಡೊ, ಜ್ಞಾನ ತಂದೆ, ಜ್ಞಾನ ತಾಯಿ, ಕೊನೆಗೆ ಪಾದ್ರಿಯ ರುಜು. ತೊಡಕು ಬರುವುದು ಹೆಸರುಗಳಲ್ಲಿ. ಪುಸ್ತಕದಲ್ಲಿ ಸೆಬಾಸ್ತ್ಯಾನುಸ್ ಎಂದಿರುವವನು ಮನೆಯಲ್ಲಿ ಬಸ್ತ್ಯಾಂವ್. ಜೊವಾನ್ನೆಸ್ ಎಂದರೆ ಜುವಾಂವ್, ಇಗ್ನಾತಿಯುಸ್ ಎಂದರೆ ಇನಾಸ್, ಇಸಾಬೆಲ್ಲಾ ಎಂದರೆ ಜಾಬೆಲ್ ಬಾಯಿ. ಬಾಯಿಮಾತಿನ ಹೆಸರು ಹಿಡಿದು ಹುಡುಕಿದರೆ ಪುಸ್ತಕದಲ್ಲಿ ಆ ಮನುಷ್ಯ ಹುಟ್ಟಿಯೇ ಇಲ್ಲ ಅನಿಸುತ್ತದೆ.

ಮಕ್ಕಳಿಗೆ ಅಜ್ಜಂದಿರ ಹೆಸರಿಡುವ ರೂಢಿ ಇನ್ನೊಂದು ಸುಳಿವು. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು ಬರುವುದು ಸಾಮಾನ್ಯವಾಗಿತ್ತು. ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಕಾಣಿಸಿಕೊಂಡರೆ ಸರಿಯಾದ ಎಳೆ ಸಿಕ್ಕಿತೆಂದು ಆಸೆ ಇಟ್ಟುಕೊಳ್ಳಬಹುದು. ಅಜ್ಜ ಮೊಮ್ಮಗ ಇಬ್ಬರನ್ನೂ ಒಬ್ಬನೇ ಎಂದು ಎಣಿಸಿಬಿಡುವ ಅಪಾಯವೂ ಅಲ್ಲೇ ಇದೆ.

ಅಂಚಿನ ಬರಹವನ್ನು ಬಿಡಬೇಡಿ. ಮದುವೆ ಎಲ್ಲಿ ನಡೆದರೂ ಅದರ ಸುದ್ದಿಯನ್ನು ದೀಕ್ಷಾಸ್ನಾನವಾದ ಇಗರ್ಜಿಗೆ ತಿಳಿಸಿ, ಅಲ್ಲಿನ ಪುಸ್ತಕದ ಅಂಚಿನಲ್ಲಿ ಬರೆಸಬೇಕೆಂಬ ನಿಯಮ 1908ರಲ್ಲಿ ಜಾರಿಗೆ ಬಂತು. ಅಲ್ಲಿಂದೀಚೆಗೆ ಬೇರೆ ಊರಿಗೆ ಕೊಟ್ಟ ಹೆಣ್ಣುಮಗಳು ಯಾವ ಇಗರ್ಜಿಗೆ ಸೇರಿದಳು ಎಂಬುದು ತವರಿನ ಪುಸ್ತಕದ ಅಂಚಿನಲ್ಲೇ ಸಿಗುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ಮದುವೆ ಪುಸ್ತಕದ ವಿನಾಯಿತಿ ಟಿಪ್ಪಣಿ. ಹತ್ತಿರದ ರಕ್ತಸಂಬಂಧಿಗಳ ಮದುವೆಗೆ ಚರ್ಚಿನಲ್ಲಿ ತಡೆಯಿದೆ. 1917ರ ಕಾನೂನು ಬರುವವರೆಗೆ ಆ ತಡೆ ನಾಲ್ಕನೆಯ ತಲೆಮಾರಿನ ತನಕ ಚಾಚಿತ್ತು. ವಧೂವರರ ಮುತ್ತಜ್ಜನ ಅಪ್ಪ ಒಬ್ಬನೇ ಆಗಿದ್ದರೂ ವಿಶೇಷ ಅನುಮತಿ ಬೇಕು, ಆ ಅನುಮತಿಯನ್ನು ಪುಸ್ತಕದಲ್ಲಿ ನಮೂದಿಸಬೇಕು. ಲೆಕ್ಕ ಹಾಕಿ ನೋಡಿ. 1885ರಲ್ಲಿ ಮದುವೆಯಾದ ಹುಡುಗಿ 1865ರ ಸುಮಾರಿಗೆ ಹುಟ್ಟಿದವಳು. ತಲೆಮಾರಿಗೆ ಇಪ್ಪತ್ತೈದು-ಮೂವತ್ತು ವರ್ಷದಂತೆ ನಾಲ್ಕು ಮೆಟ್ಟಿಲು ಇಳಿದರೆ 1745-65ಕ್ಕೆ ತಲಪುತ್ತೇವೆ. ಆ ಸಾಮಾನ್ಯ ಹಿರಿಯ 1784ಕ್ಕೂ ಮೊದಲು ಹುಟ್ಟಿದವನು! ಟಿಪ್ಪಣಿಯಲ್ಲಿ ಅವನ ಹೆಸರಿರುವುದು ಖಾತರಿಯಿಲ್ಲ. ಆದರೂ ಎರಡು ಮನೆಗಳು ಸೆರೆಗೆ ಮೊದಲು ಒಂದೇ ಮನೆಯಾಗಿದ್ದವು ಎಂಬುದು, ಹಿಂದಿನ ಪುಸ್ತಕ ಸುಟ್ಟುಹೋಗಿದ್ದರೂ, ಇದೊಂದು ಸಾಲಿನಿಂದ ಗೊತ್ತಾಗುತ್ತದೆ.

ಪುಸ್ತಕ ಇನ್ನೊಂದು ಇಗರ್ಜಿಯಲ್ಲಿ ಯಾಕಿರುತ್ತದೆ?

ಕೂಡುಕುಟುಂಬ ಪಾಲಾದಾಗ ಹಳೆಯ ಕಾಗದಪತ್ರದ ಪೆಟ್ಟಿಗೆ ದೊಡ್ಡಮನೆಯಲ್ಲೇ ಉಳಿಯುತ್ತದೆ, ಕಿರಿಯರು ಹೊಸ ಮನೆಯಲ್ಲಿ ಹೊಸ ಲೆಕ್ಕ ಶುರುಮಾಡುತ್ತಾರೆ. ಧರ್ಮಕೇಂದ್ರಗಳ ವಿಭಜನೆಯೂ ಹಾಗೆಯೇ. 1920ರಲ್ಲಿ ಬೇರೆಯಾದ ಇಗರ್ಜಿಯ ಪುಸ್ತಕ 1920ರಿಂದ ಆರಂಭ. ಅದಕ್ಕೂ ಹಿಂದಿನದು ಬೇಕಾದರೆ ತಾಯಿ ಇಗರ್ಜಿಗೆ ಹೋಗಬೇಕು. ಆ ತಾಯಿಯೂ ಒಮ್ಮೆ ಇನ್ನೊಂದರ ಮಗಳಾಗಿದ್ದರೆ ಇನ್ನೊಂದು ಊರಿಗೆ. 1878ರ ಕೊನೆಯ ದಿನ ಮಂಗಳೂರಿಗೆ ಜೆಸುಯಿಟರು ಬಂದ ಮೇಲೆ, 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾದ ಮೇಲೆ, ಹೀಗೆ ಹೊಸ ಧರ್ಮಕೇಂದ್ರಗಳಾಗುವುದು ಚುರುಕಾಯಿತು. ಈಗಿನ ಅನೇಕ ನೂರರ ಜುಬಿಲಿಗಳ ಮೂಲ ಆ ಕಾಲದಲ್ಲಿದೆ. 2012ರಲ್ಲಿ ಉಡುಪಿಯೇ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, ಕಲ್ಯಾಣಪುರದ ಮಿಲಾಗ್ರಿಸ್ ಅದರ ಪ್ರಧಾನಾಲಯ, ಅಂದರೆ ಬಿಷಪರ ಇಗರ್ಜಿ, ಆಯಿತು.

ಇನ್ನೊಂದು ಸಿಕ್ಕು ಹತ್ತೊಂಬತ್ತನೆಯ ಶತಮಾನದ್ದು. ಭಾರತದ ಇಗರ್ಜಿಗಳ ಮೇಲಿನ ಅಧಿಕಾರ ಪೋರ್ಚುಗಲ್ ದೊರೆಯ ಹಕ್ಕಿನಂತೆ ಗೋವಾಕ್ಕೆ ಸೇರಿದ್ದೋ, ನೇರ ರೋಮಿಗೋ ಎಂಬ ದೊಡ್ಡ ಜಗಳ ಆಗ ನಡೆದಿತ್ತು. ಮೊದಲ ಪಕ್ಷಕ್ಕೆ ಪದ್ರುವಾದೊ ಎಂದೂ ಎರಡನೆಯದಕ್ಕೆ ಪ್ರೊಪಗಾಂಡ ಎಂದೂ ಹೆಸರು. 1838ರಲ್ಲಿ ಪೋಪರು ಗೋವಾದ ಅಧಿಕಾರವನ್ನು ಕತ್ತರಿಸಿದರು, ಎಲ್ಲರೂ ಒಪ್ಪಲಿಲ್ಲ. ಕಲ್ಯಾಣಪುರದಂಥ ಊರಿನಲ್ಲಿ ಅಕ್ಕಪಕ್ಕದ ಮನೆಯವರು ಬೇರೆಬೇರೆ ಪಕ್ಷದ ಇಗರ್ಜಿಗೆ ಹೋಗುತ್ತಿದ್ದರು. 1880ರ ದಶಕದ ಕೊನೆಯಲ್ಲಿ ಗೋವಾದ ಪಕ್ಷದಲ್ಲಿದ್ದ ಒಂದು ಗುಂಪು ಸಿರಿಯನ್ ಆರ್ಥೊಡಾಕ್ಸ್ ಸಭೆಗೆ ಸೇರಿತು. ಬ್ರಹ್ಮಾವರದ ಕೊಂಕಣಿ ಮಾತಿನ ಆರ್ಥೊಡಾಕ್ಸ್ ಸಮುದಾಯ ಹುಟ್ಟಿದ್ದು ಹಾಗೆ. ಆ ಸುತ್ತಿನ ಕೆಥೋಲಿಕ್ ಮನೆಯೊಂದರ ಅಣ್ಣತಮ್ಮಂದಿರಲ್ಲಿ ಒಬ್ಬ ಪುಸ್ತಕದಿಂದ ಇದ್ದಕ್ಕಿದ್ದಂತೆ ಕಾಣೆಯಾದರೆ ಬ್ರಹ್ಮಾವರದ ಕಡೆಗೂ ಒಮ್ಮೆ ವಿಚಾರಿಸಬೇಕು.

ಗದ್ದೆಯ ಕಾಗದ ಹೇಳುವುದು

ಇಗರ್ಜಿಯ ಪುಸ್ತಕದಲ್ಲಿ ಮನುಷ್ಯರಿದ್ದಾರೆ, ಮಣ್ಣಿಲ್ಲ. ಮನೆತನ ಊರಿನಲ್ಲಿ ಬೇರೂರಿದ್ದು ಹೇಗೆ ಎಂಬುದಕ್ಕೆ ಜಮೀನಿನ ದಾಖಲೆ ಬೇಕು.

ಕರಾವಳಿಯಲ್ಲಿ ಒಕ್ಕಲುತನ ಮುಖ್ಯವಾಗಿ ಎರಡು ಬಗೆ. ಮೂಲಗೇಣಿ ಎಂದರೆ ವಂಶಪಾರಂಪರ್ಯದ್ದು, ಗೇಣಿ ಕೊಡುತ್ತಿರುವಷ್ಟು ಕಾಲ ಎಬ್ಬಿಸುವಂತಿಲ್ಲ. ಚಾಲಗೇಣಿ ಎಂದರೆ ವರ್ಷ ವರ್ಷದ ಒಪ್ಪಂದ, ಧಣಿ ಮನಸ್ಸು ಮಾಡಿದರೆ ಗಂಟುಮೂಟೆ ಕಟ್ಟಬೇಕು. ಹಳ್ಳಿಯ ಕೆಥೋಲಿಕರಲ್ಲಿ ಮೂಲಗೇಣಿಯವರೂ ಇದ್ದರು, ವರ್ಗದ, ಅಂದರೆ ಸ್ವಂತ ಒಡೆತನದ, ಜಮೀನಿನವರೂ ಇದ್ದರು. ಬಹಳ ಮಂದಿ ಬಂಟರ, ಜೈನರ, ಬ್ರಾಹ್ಮಣರ, ಅನುಕೂಲಸ್ಥ ಕೆಥೋಲಿಕರದೇ ಭೂಮಿಯಲ್ಲಿ ಚಾಲಗೇಣಿಗಿದ್ದವರು. ಒಂದೇ ಕುಟುಂಬದ ಮಕ್ಕಳ ದೀಕ್ಷಾಸ್ನಾನ ಮೂರು ಇಗರ್ಜಿಗಳಲ್ಲಿ ಸಿಗುತ್ತಿದ್ದರೆ ಗೇಣಿ ತಪ್ಪಿ ಊರು ಬದಲಿಸಿದ್ದಿರಬಹುದು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಇದನ್ನು ನಿಲ್ಲಿಸಿತು. ಉಳುವವನೇ ಹೊಲದೊಡೆಯನಾದ. ಊರಿನ ಮಾತಿನಲ್ಲಿ ‘ಡಿಕ್ಲರೇಶನ್ ಹಾಕಿದ್ದು’ ಎಂದರೆ ಭೂನ್ಯಾಯಮಂಡಳಿಯ ಮುಂದೆ 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟದ್ದು. ಎಷ್ಟು ಕಾಲದಿಂದ, ಯಾರಿಂದ, ಯಾವ ಗೇಣಿಗೆ ಜಮೀನು ಹಿಡಿದಿದ್ದೆವು ಎಂಬುದು ಆ ಕಡತದಲ್ಲಿರುತ್ತದೆ. ಕೆಲವದರಲ್ಲಿ ಅಜ್ಜನ ಕಾಲದ ಗೇಣಿಚೀಟಿಯೂ ಲಗತ್ತಾಗಿರುವುದರಿಂದ ಕುಟುಂಬ ಚರಿತ್ರೆಗೆ ಇದು ಒಳ್ಳೆಯ ಆಕರ. ಸ್ಮರಣ ಸಂಚಿಕೆಯವರು ಇದನ್ನು ಮುಟ್ಟುವುದೇ ಇಲ್ಲ ಎಂಬುದು ನನಗೆ ಸೋಜಿಗ.

ಹಾಗಾದರೆ ಮೊದಲ ಮನೆ ಯಾವುದು?

ಒಂದೇ ಪಟ್ಟಿ ಮಾಡಹೊರಟರೆ ಜಗಳ ಖಂಡಿತ. ಮೂರು ಪಟ್ಟಿ ಮಾಡಿದರೆ ಹೆಚ್ಚಿನ ಮನೆಗಳಿಗೆ ತಮ್ಮ ಜಾಗ ಸಿಗುತ್ತದೆ. 1784ಕ್ಕೆ ಮೊದಲು ಆ ಊರಿನಲ್ಲಿದ್ದೆವೆಂಬ ಪರಂಪರೆಯಿರುವವು, 1799ರ ನಂತರ ಮರಳಿ ಬಂದು ನೆಲೆನಿಂತವು, ಧರ್ಮಕೇಂದ್ರ ಪ್ರತ್ಯೇಕವಾದ ದಿನ ಅದರ ಗಡಿಯೊಳಗಿದ್ದವು. ಮೊದಲ ಪಟ್ಟಿಗೆ ಆಧಾರ ಬಾಯಿಮಾತು, ಜತೆಗೆ ಅಲ್ಲೊಂದು ಇಲ್ಲೊಂದು ವಿನಾಯಿತಿ ಟಿಪ್ಪಣಿ. ಎರಡನೆಯದಕ್ಕೆ ತಾಯಿ ಇಗರ್ಜಿಯ ಹಳೆಯ ಪುಸ್ತಕ. ಮೂರನೆಯದು ಕೈಯಲ್ಲೇ ಇದೆ. ಪ್ರತಿ ಹೆಸರಿನ ಮುಂದೆ ಆಧಾರ ಯಾವುದೆಂದು ಚಿಕ್ಕದಾಗಿ ಬರೆದರೆ ಓದುವವರೇ ತೂಗಿಕೊಳ್ಳುತ್ತಾರೆ.

ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಹೆಂಗಸರು. ಗಂಡಿನ ಕಡೆಯ ಹೆಸರನ್ನೇ ಹಿಡಿದು ಹೋದರೆ ಗಂಡುಸಂತಾನವಿಲ್ಲದೆ ನಿಂತ ಮನೆಗಳು ಚರಿತ್ರೆಯಿಂದಲೇ ಅಳಿಯುತ್ತವೆ. ಆ ಮನೆಗೆ ಬಂದ ಅಳಿಯನ ಕುಲನಾಮ ಬೇರೆ. ಊರಿನ ಅತ್ಯಂತ ಹಳೆಯ ಬೇರು ಅವನ ಹೆಂಡತಿಯದಾಗಿರಬಹುದು. ದೀಕ್ಷಾಸ್ನಾನದ ಪುಸ್ತಕದಲ್ಲಿ ತಾಯಿಯ ಹೆಸರಿದೆ, ಜ್ಞಾನ ತಾಯಿಯ ಹೆಸರಿದೆ. ಮನೆಯ ಹಿರಿಯ ಹೆಂಗಸಿನ ಬಳಿ ಕೂತು ‘ನಿಮ್ಮ ಕುಳಾರ್ ಎಲ್ಲಿ, ನಿಮ್ಮ ಅಮ್ಮನ ಕುಳಾರ್ ಎಲ್ಲಿ’ ಎಂದು ತವರಿನ ದಾರಿ ಹಿಡಿದು ಕೇಳಿದರೆ ಮೂರು-ನಾಲ್ಕು ತಲೆಮಾರು ಸಲೀಸಾಗಿ ಹಿಂದಕ್ಕೆ ಹೋಗಬಹುದು.

ಪುಸ್ತಕ ನೋಡಬೇಕಾದರೆ ಮೊದಲು ವಿಗಾರರನ್ನು ಕೇಳಬೇಕು, ಅದು ಅವರ ಸುಪರ್ದಿನಲ್ಲಿರುವ ದಾಖಲೆ. ಈಚಿನ ಪುಟಗಳಲ್ಲಿ ಬದುಕಿರುವವರ ಖಾಸಗಿ ವಿಷಯಗಳಿರುವುದರಿಂದ ಅವನ್ನು ಹಾಗೆಯೇ ತೆರೆದು ತೋರಿಸುವುದಿಲ್ಲ. ಬೇಕಾದ ಹೆಸರಿನ ಪ್ರಮಾಣಪತ್ರ ಕೊಡುತ್ತಾರೆ. ಹಳೆಯ ಪುಟಗಳ ಕಾಗದ ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಇಸವಿ, ಮನೆಯ ಹೆಸರು, ದೀಕ್ಷಾಸ್ನಾನದ ಹೆಸರು ಮೂರನ್ನೂ ಬರೆದುಕೊಂಡು ಹೋದರೆ ಹುಡುಕುವವರಿಗೂ ಪುಸ್ತಕಕ್ಕೂ ಒಳ್ಳೆಯದು. ಹಬ್ಬದ ವಾರ ಮಾತ್ರ ಬೇಡ, ಆಗ ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.